ಸೋರುವ ಕಿವಿ ಸಣ್ಣ ವಿಷಯವಲ್ಲ

ಬಹಳ ತಿಳಿದವನನ್ನು ನಮ್ಮ ಹಿರಿಯರು ‘ಬಹುಶ್ರುತ’ನೆಂದು ಕರೆದರು. ಬಹಳ ಓದಿದವನೆಂದಲ್ಲ, ಬಹಳ ಕೇಳಿದವನೆಂದು ಆ ಮಾತಿನ ಅರ್ಥ. ವಿದ್ಯೆಯು ಮೊದಲು ಕಿವಿಯ ಮೂಲಕ ಒಳಗೆ ಬರುವುದೆಂಬ ಅನುಭವವು ಈ ಒಂದು ಪದದಲ್ಲಿ ಅಡಗಿದೆ. ಅಕ್ಷರವನ್ನು ಕಣ್ಣಿನಿಂದ ಗುರುತಿಸುವುದಕ್ಕೆ ಬಹಳ ಮೊದಲೇ ಮಗುವು ತಾಯಿಯ ಮಾತನ್ನು ಕಿವಿಯಿಂದ ಕಲಿತಿರುತ್ತದೆ. ಹೀಗಿದ್ದರೂ ಮಕ್ಕಳ ಕಿವಿಯ ವಿಷಯದಲ್ಲಿ ನಾವು ತೋರುವ ಔದಾಸೀನ್ಯವನ್ನು ಕಂಡರೆ ಆಶ್ಚರ್ಯವಾಗುತ್ತದೆ. ಮಗುವಿಗೆ ಜ್ವರ ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕಣ್ಣು ಕೆಂಪಾದರೆ ವೈದ್ಯರಲ್ಲಿಗೆ ಓಡುತ್ತಾರೆ. ಕಿವಿ ಸೋರಿದರೆ ಮಾತ್ರ, “ಮಕ್ಕಳ ಕಿವಿ ಸೋರುವುದು ಇದ್ದದ್ದೇ, ದೊಡ್ಡವನಾದ ಮೇಲೆ ಸರಿಹೋಗುತ್ತದೆ” ಎಂದು ಹೇಳಿ ಸುಮ್ಮನಾಗುತ್ತಾರೆ. ಈ ‘ಇದ್ದದ್ದೇ’ ಎಂಬ ಮಾತಿನ ಮೇಲೆಯೇ ನಮ್ಮ ಆಕ್ಷೇಪಣೆ.

ವೈದ್ಯರಲ್ಲದ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ವಾಚಕರು ಕೇಳಬಹುದು. ಈ ವಿಷಯವು ನಮ್ಮ ಗಮನಕ್ಕೆ ಬಂದುದು ಪ್ರಯೋಗಶಾಲೆಯಲ್ಲಿಯೇ. ಗಾಳಿಯ ಕಂಬದ ಅನುರಣನವನ್ನು ಅಳೆಯುವ ಪ್ರಯೋಗವೊಂದುಂಟು. ಮಿಡಿದ ಶ್ರುತಿಕವೆಯನ್ನು ಕೊಳವೆಯ ಬಾಯಿಯ ಬಳಿ ಹಿಡಿದು, ನೀರಿನ ಮಟ್ಟವನ್ನು ಏರಿಳಿಸುತ್ತ, ಧ್ವನಿಯು ಅತ್ಯಂತ ಜೋರಾಗುವ ಸ್ಥಾನವನ್ನು ಕಿವಿಯಿಂದ ನಿರ್ಧರಿಸಬೇಕು. ಒಬ್ಬ ವಿದ್ಯಾರ್ಥಿಗೆ ಆ ಸ್ಥಾನ ಸಿಕ್ಕುತ್ತಲೇ ಇರಲಿಲ್ಲ. ಆತನು ಪ್ರತಿ ಸಲವೂ ಕತ್ತನ್ನು ತಿರುಗಿಸಿ ಬಲಗಿವಿಯನ್ನೇ ಕೊಳವೆಗೆ ಒಡ್ಡುತ್ತಿದ್ದುದನ್ನು ಕಂಡು ನಮಗೆ ಸಂದೇಹವಾಯಿತು. 512 ಕಂಪನಗಳ ಶ್ರುತಿಕವೆಯನ್ನು ಮಿಡಿದು ಎಡಗಿವಿಯ ಎದುರಿನಲ್ಲಿ ಹಿಡಿದೆವು, ಆತನಿಗೆ ಕೇಳಿಸಲಿಲ್ಲ. ಅದೇ ಕವೆಯ ಕಾಲನ್ನು ಕಿವಿಯ ಹಿಂದಣ ಎಲುಬಿನ ಮೇಲೆ ಊರಿದೆವು. ಆತನ ಮುಖವು ಅರಳಿತು, ಸ್ಪಷ್ಟವಾಗಿ ಕೇಳಿಸುತ್ತದೆಂದನು. ಇದು ಹೊಸ ಪರೀಕ್ಷೆಯೇನಲ್ಲ. ಜರ್ಮನಿಯ ವೈದ್ಯ ರಿನ್ನೆ ಎಂಬುವನು 1855ರಲ್ಲಿಯೇ ಇದನ್ನು ವಿವರಿಸಿದ್ದನು. ಗಾಳಿಯ ಮೂಲಕ ಬಂದ ಧ್ವನಿ ಕೇಳಿಸದೆ ಎಲುಬಿನ ಮೂಲಕ ಬಂದ ಧ್ವನಿ ಕೇಳಿಸಿದರೆ, ಕೇಳುವ ನರವು ಜೀವಂತವಾಗಿದೆ, ದೋಷವಿರುವುದು ಧ್ವನಿಯನ್ನು ಒಳಕ್ಕೆ ಸಾಗಿಸುವ ದಾರಿಯಲ್ಲಿ ಎಂದು ತಿಳಿಯಬಹುದು.

ವಿಚಾರಿಸಿದಾಗ ಹುಡುಗನು ಹೇಳಿದ ಕತೆ ತೀರ ಸಾಮಾನ್ಯವಾದುದು. ಎರಡು ಮೂರು ವರ್ಷದವನಿದ್ದಾಗಿನಿಂದ ಎರಡು ಕಿವಿಗಳೂ ಸೋರುತ್ತಿದ್ದುವಂತೆ. ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರಂತೆ. ಬಲಗಿವಿಯು ಹೇಗೋ ತಾನಾಗಿ ವಾಸಿಯಾಯಿತು. ಎಡಗಿವಿಯಲ್ಲಿ ಈಗಲೂ ಆಗಾಗ್ಗೆ ಕೀವು ಬರುತ್ತದೆ. ಶಾಲೆಯಲ್ಲಿ ಆತನನ್ನು ದಡ್ಡನೆಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಹದಿನೇಳು ವರ್ಷಗಳ ಕಾಲ ಯಾರೂ ಆತನ ಕಿವಿಯೊಳಗೆ ದೀಪ ಹಿಡಿದು ನೋಡಿರಲಿಲ್ಲ.

ಈ ಹುಡುಗನ ಕಿವಿಯಲ್ಲಿ ಕೆಟ್ಟುಹೋದ ಯಂತ್ರವು ಎಂತಹದೆಂಬುದನ್ನು ಮೊದಲು ತಿಳಿಯೋಣ. ಧ್ವನಿಯು ಗಾಳಿಯಲ್ಲಿ ಬರುತ್ತದೆ. ಆದರೆ ಕೇಳುವ ನರದ ತಂತುಗಳಿರುವ ಶಂಖಾಕಾರದ ಒಳಗಿವಿಯು ದ್ರವದಿಂದ ತುಂಬಿದೆ. ಗಾಳಿಯಿಂದ ನೀರಿನ ಮೇಲೆ ಬಿದ್ದ ಧ್ವನಿಶಕ್ತಿಯಲ್ಲಿ ಸಾವಿರದ ಒಂದು ಪಾಲು ಮಾತ್ರ ಒಳಕ್ಕೆ ಹೋಗುತ್ತದೆ. ಉಳಿದುದೆಲ್ಲ ಪ್ರತಿಫಲಿಸಿ ಹಿಂದಿರುಗುತ್ತದೆ. ಕೆರೆಯಲ್ಲಿ ಮುಳುಗಿದವನಿಗೆ ದಡದ ಮೇಲೆ ಕೂಗುವವನ ದನಿ ಕೇಳಿಸದಿರುವುದು ಇದರಿಂದಲೇ. ಈ ನಷ್ಟವನ್ನು ತುಂಬಿಕೊಡುವ ಸಲುವಾಗಿ ಪ್ರಕೃತಿಯು ನಡುಗಿವಿಯೆಂಬ ಪುಟ್ಟ ಕೋಣೆಯನ್ನು ನಿರ್ಮಿಸಿದೆ. ಅದರ ಹೊರಗೋಡೆಯೇ ಕಿವಿಯ ತಮಟೆ. ತಮಟೆಯಿಂದ ಒಳಗಿವಿಯ ಕಿಟಕಿಯವರೆಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳ ಸರಪಣಿಯುಂಟು. ನಮ್ಮ ದೇಹದ ಎಲುಬುಗಳಲ್ಲೆಲ್ಲ ಅತ್ಯಂತ ಚಿಕ್ಕದು ಈ ರಿಕಾಪು.

ತಮಟೆಯ ಕಂಪಿಸುವ ಭಾಗದ ವಿಸ್ತೀರ್ಣವು ಸುಮಾರು 55 ಚದರ ಮಿಲಿಮೀಟರು. ರಿಕಾಪಿನ ಪಾದದ ವಿಸ್ತೀರ್ಣವು ಮೂರು ಚದರ ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ವಿಶಾಲವಾದ ತಮಟೆಯ ಮೇಲೆ ಬಿದ್ದ ಬಲವೆಲ್ಲವೂ ಆ ಪುಟ್ಟ ಪಾದದ ಮೇಲೆ ಕೇಂದ್ರೀಕೃತವಾಗುವುದರಿಂದ ಒತ್ತಡವು ಸುಮಾರು 17 ಪಟ್ಟು ಹೆಚ್ಚುತ್ತದೆ. ಎಲುಬುಗಳು ಸನ್ನೆಕೋಲಿನಂತೆ ವರ್ತಿಸುವುದರಿಂದ ಇನ್ನೂ 1.3 ಪಟ್ಟು ಲಾಭ. ಒಟ್ಟಿನಲ್ಲಿ ಒತ್ತಡವು ಸುಮಾರು 22 ಪಟ್ಟು, ಎಂದರೆ ಶಕ್ತಿಯ ಲೆಕ್ಕದಲ್ಲಿ ಹೆಚ್ಚು ಕಡಿಮೆ ಐನೂರು ಪಟ್ಟು, ವೃದ್ಧಿಯಾಗುತ್ತದೆ. ಸಾವಿರದಲ್ಲಿ ಕಳೆದುಕೊಂಡುದನ್ನು ಐನೂರರಷ್ಟು ಮರಳಿ ಗಳಿಸಿಕೊಡುವ ಈ ಯಂತ್ರವು ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಜಾಗದಲ್ಲಿದೆ. ತಮಟೆಯಲ್ಲಿ ತೂತು ಬಿದ್ದರೆ, ಕೋಣೆಯಲ್ಲಿ ಕೀವು ತುಂಬಿದರೆ, ಎಲುಬಿನ ಸರಪಣಿ ಕೊಳೆತು ಕಡಿದರೆ ಯಂತ್ರವು ನಿಂತಂತೆಯೇ.

ಈ ಕೋಣೆಯೊಳಕ್ಕೆ ರೋಗಾಣುಗಳು ಬರುವುದೆಲ್ಲಿಂದ? ಹೊರಗಿನಿಂದ ನೀರು ಹೋಗುವುದರಿಂದ ಕಿವಿ ಸೋರುತ್ತದೆಂದು ಜನರು ಭಾವಿಸಿದ್ದಾರೆ. ತಮಟೆಯು ಮೊದಲೇ ತೂತಾಗಿದ್ದರೆ ಈ ಮಾತು ನಿಜವೇ. ಆದರೆ ರೋಗದ ಮೊದಲ ಹೆಜ್ಜೆ ಸಾಮಾನ್ಯವಾಗಿ ಒಳಗಿನಿಂದಲೇ ಬೀಳುತ್ತದೆ. ನಡುಗಿವಿಯನ್ನು ಮೂಗಿನ ಹಿಂಭಾಗಕ್ಕೆ ಕೂಡಿಸುವ ಒಂದು ನಾಳವುಂಟು. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಯೂಸ್ಟಾಕಿಯ ಹೆಸರಿನಿಂದ ಅದನ್ನು ಯೂಸ್ಟೇಷಿಯನ್ ನಾಳವೆಂದು ಕರೆಯುತ್ತಾರೆ. ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಇಳಿಯುವಾಗ ಕಿವಿ ಅಡಚಿದಂತಾಗಿ, ಉಗುಳು ನುಂಗಿದೊಡನೆ ತೆರೆದುಕೊಳ್ಳುವ ಅನುಭವವು ನಮ್ಮಲ್ಲಿ ಅನೇಕರಿಗಾಗಿದೆ. ಆಗ ತೆರೆದುಕೊಳ್ಳುವುದು ಈ ನಾಳವೇ. ಹೊರಗಿನ ಮತ್ತು ಒಳಗಿನ ಗಾಳಿಯ ಒತ್ತಡಗಳನ್ನು ಸಮಮಾಡುವುದು ಇದರ ಕೆಲಸ. ನೆಗಡಿಯಿಂದ ನಾಳವು ಊದಿ ಮುಚ್ಚಿಕೊಂಡರೆ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಕೋಣೆಯ ಒಳಪೊರೆಯು ಹೀರಿಕೊಳ್ಳುತ್ತದೆ; ಒತ್ತಡವು ಇಳಿಯುತ್ತದೆ; ತಮಟೆಯು ಒಳಕ್ಕೆ ಸೆಳೆಯಲ್ಪಡುತ್ತದೆ; ಪೊರೆಯಿಂದ ನೀರು ಒಸರುತ್ತದೆ. ಮೂಗಿನ ಹಿಂದಿನಿಂದ ಬಂದ ರೋಗಾಣುಗಳು ಆ ನೀರಿನಲ್ಲಿ ವೃದ್ಧಿಯಾಗಿ ಅದನ್ನು ಕೀವು ಮಾಡುತ್ತವೆ. ಕೀವಿನ ಒತ್ತಡವು ಹೆಚ್ಚಿದಾಗ ತಮಟೆಯು ಒಡೆದು ಕಿವಿ ಸೋರುತ್ತದೆ. ರಾತ್ರಿಯೆಲ್ಲ ಕಿವಿನೋವೆಂದು ಅತ್ತ ಮಗುವು ಬೆಳಗಿನ ವೇಳೆಗೆ ಸುಮ್ಮನಾಗಿ, ದಿಂಬಿನ ಮೇಲೆ ಕೀವಿನ ಕಲೆ ಕಾಣುವುದಕ್ಕೆ ಇದೇ ಕಾರಣ. ತಾಯಿಯು ನೋವು ಹೋಯಿತೆಂದು ಸಮಾಧಾನಪಡುತ್ತಾಳೆ. ಹೋದುದು ನೋವು ಮಾತ್ರ.

ದೊಡ್ಡವರಲ್ಲಿ ಈ ನಾಳವು ಸುಮಾರು 35 ಮಿಲಿಮೀಟರು ಉದ್ದವಿದ್ದು ಇಳಿಜಾರಾಗಿರುತ್ತದೆ. ಹಸುಗೂಸಿನಲ್ಲಿ ಅದರ ಉದ್ದವು ಸುಮಾರು ಅರ್ಧದಷ್ಟು; ಅದು ಹೆಚ್ಚು ಕಡಿಮೆ ಅಡ್ಡಲಾಗಿ ಮಲಗಿರುತ್ತದೆ. ಮೂಗಿನ ಸಿಂಬಳಕ್ಕೂ ನಡುಗಿವಿಗೂ ನಡುವಣ ದಾರಿ ಅಷ್ಟು ಹತ್ತಿರ, ಅಷ್ಟು ಸಮತಟ್ಟು. ಆದುದರಿಂದಲೇ ಇದು ವಿಶೇಷವಾಗಿ ಮಕ್ಕಳ ರೋಗ.

ಇನ್ನು ಇದು ಎಷ್ಟು ವ್ಯಾಪಕವೆಂಬ ಪ್ರಶ್ನೆ. 2012ರಲ್ಲಿ ಪ್ರಕಟವಾದ ಜಾಗತಿಕ ಅಂದಾಜೊಂದರ ಪ್ರಕಾರ ಪ್ರಪಂಚದಲ್ಲಿ ವರ್ಷವೊಂದಕ್ಕೆ ಸುಮಾರು 70 ಕೋಟಿ 90 ಲಕ್ಷ ಸಲ ತೀವ್ರ ನಡುಗಿವಿಯ ಸೋಂಕು ಉಂಟಾಗುತ್ತದೆ. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷ ತುಂಬದ ಮಕ್ಕಳಿಗೆ ಬರುವಂತಹವು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಮಧ್ಯ ಯೂರೋಪಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ಕರಷ್ಟಿರುವ ಪ್ರಮಾಣವು ಪಶ್ಚಿಮ ಆಫ್ರಿಕದಲ್ಲಿ ನಲವತ್ತನ್ನು ಮೀರುತ್ತದೆ. ಸೋಂಕು ವಾಸಿಯಾಗದೆ, ತಮಟೆಯ ತೂತು ಮುಚ್ಚದೆ, ಎರಡು ವಾರಗಳಿಗೂ ಮೀರಿ ಸೋರುತ್ತಲೇ ಇರುವ ದೀರ್ಘಕಾಲಿಕ ಅವಸ್ಥೆಯು ವರ್ಷಕ್ಕೆ ಸುಮಾರು 3 ಕೋಟಿ 10 ಲಕ್ಷ ಮಂದಿಯಲ್ಲಿ ಹೊಸದಾಗಿ ತಲೆದೋರುತ್ತದೆ. ಕೀವು ಮಿದುಳಿಗೆ ಹರಡುವುದೇ ಮೊದಲಾದ ತೊಡಕುಗಳಿಂದ ವರ್ಷಕ್ಕೆ ಸುಮಾರು 21 ಸಾವಿರ ಜನರು ಸಾಯುತ್ತಾರೆ. ನಡುಗಿವಿಗೂ ಮಿದುಳಿಗೂ ನಡುವೆ ಇರುವುದು ತೆಳುವಾದ ಒಂದು ಎಲುಬಿನ ಹಲಗೆ ಮಾತ್ರವೆಂಬುದನ್ನು ನೆನೆದರೆ ಈ ಸಾವುಗಳು ಅನಿರೀಕ್ಷಿತವೆನಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಈ ದೀರ್ಘಕಾಲಿಕ ರೋಗವನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿತು. ಪ್ರಪಂಚದಲ್ಲಿ ಸೋರುವ ಕಿವಿಯುಳ್ಳವರು ಆರೂವರೆ ಕೋಟಿಯಿಂದ ಮೂವತ್ತಮೂರು ಕೋಟಿಯವರೆಗೆ ಇರಬಹುದೆಂದೂ, ಅವರಲ್ಲಿ ನೂರಕ್ಕೆ ಅರುವತ್ತು ಮಂದಿಗೆ ಗಣನೀಯವಾದ ಶ್ರವಣದೋಷವಿದೆಯೆಂದೂ ಅದು ತಿಳಿಸಿತು. ಈ ಎರಡು ಅಂಕೆಗಳ ನಡುವಣ ಅಂತರವನ್ನು ವಾಚಕರು ಗಮನಿಸಬೇಕು. ನಮ್ಮ ವಿದ್ಯಾರ್ಥಿಯೊಬ್ಬನು ಕೋಲಿನ ಉದ್ದವನ್ನು ಅಳೆದು, “ಇದು ಆರೂವರೆ ಅಂಗುಲವಿರಬಹುದು, ಇಲ್ಲವೆ ಮೂವತ್ತಮೂರು ಅಂಗುಲವಿರಬಹುದು” ಎಂದು ಬರೆದು ತಂದರೆ ಅದನ್ನು ನಾವು ಅಳತೆಯೆಂದು ಒಪ್ಪುವುದಿಲ್ಲ. ತಪ್ಪು ವರದಿಯನ್ನು ಬರೆದವರದಲ್ಲ. ರೋಗವು ಹೆಚ್ಚಾಗಿರುವ ದೇಶಗಳಲ್ಲಿ ಮಕ್ಕಳ ಕಿವಿಯನ್ನು ಎಣಿಸಿದವರೇ ಕಡಮೆ. ಎಣಿಸದಿರುವುದೂ ಅಲಕ್ಷ್ಯದ ಒಂದು ರೂಪ. ಲೆಕ್ಕಕ್ಕೆ ಬಾರದ ರೋಗಕ್ಕೆ ಹಣವೂ ಬರುವುದಿಲ್ಲ, ಔಷಧವೂ ಬರುವುದಿಲ್ಲ.

ಅದೇ ವರದಿಯು, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿರುವಲ್ಲಿ ತುರ್ತುಕ್ರಮ ಅಗತ್ಯವೆಂದು ಹೇಳಿ, ಅಂತಹ ಪ್ರದೇಶಗಳ ಪಟ್ಟಿಯಲ್ಲಿ ಭಾರತವನ್ನು ಸೇರಿಸಿತು. ಆ ಪಟ್ಟಿಯಲ್ಲಿ ನಮ್ಮೊಡನಿದ್ದವರು ಯಾರು? ಟಾಂಜಾನಿಯ, ಸಾಲೊಮನ್ ದ್ವೀಪಗಳು, ಗುವಾಮ್, ಹಿಮಾವೃತವಾದ ಗ್ರೀನ್‌ಲೆಂಡ್, ಮತ್ತು ಆಸ್ಟ್ರೇಲಿಯದ ಮೂಲನಿವಾಸಿಗಳು. ಈ ಪಟ್ಟಿಯು ನಮಗೆ ಬಹು ಬೋಧಪ್ರದವೆಂದು ತೋರುತ್ತದೆ. ರೋಗಕ್ಕೆ ಉಷ್ಣ ವಾಯುಗುಣವೇ ಕಾರಣವಾಗಿದ್ದರೆ ಗ್ರೀನ್‌ಲೆಂಡ್ ಅದರಲ್ಲಿ ಇರಬಾರದಾಗಿತ್ತು. ದೇಶದ ಒಟ್ಟು ಸಂಪತ್ತೊಂದೇ ಕಾರಣವಾಗಿದ್ದರೆ ಶ್ರೀಮಂತವಾದ ಆಸ್ಟ್ರೇಲಿಯದ ಒಂದು ಭಾಗದ ಜನರು ಅಲ್ಲಿ ಕಾಣಿಸಿಕೊಳ್ಳಬಾರದಾಗಿತ್ತು. ಕಿಕ್ಕಿರಿದ ಮನೆಗಳು, ಹೊಗೆ ತುಂಬಿದ ಕೋಣೆಗಳು, ಪೌಷ್ಟಿಕಾಂಶದ ಕೊರತೆ, ಶುದ್ಧ ನೀರಿನ ಅಭಾವ, ದೂರದ ಆಸ್ಪತ್ರೆ: ಇವು ಎಲ್ಲಿ ಒಟ್ಟುಗೂಡುತ್ತವೆಯೋ ಅಲ್ಲಿ ಕಿವಿ ಸೋರುತ್ತದೆ. ಬಡತನವೇ ಈ ರೋಗದ ನಿಜವಾದ ಭೂಪಟ.

ಶ್ರೀಮಂತ ದೇಶಗಳ ಮಕ್ಕಳಿಗೆ ಕಿವಿನೋವೇ ಬರುವುದಿಲ್ಲವೆಂದು ಇದರಿಂದ ತಿಳಿಯಬಾರದು. ಅಮೆರಿಕದ ಬಾಸ್ಟನ್ ಪ್ರದೇಶದ ಮಕ್ಕಳನ್ನು ಹುಟ್ಟಿದಂದಿನಿಂದ ಗಮನಿಸಿ 1989ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಮೂರು ವರ್ಷ ತುಂಬುವುದರೊಳಗೆ ಹತ್ತರಲ್ಲಿ ಎಂಟು ಮಕ್ಕಳಿಗೆ ಒಮ್ಮೆಯಾದರೂ ತೀವ್ರ ಸೋಂಕು ತಗಲಿದ್ದುದು ಕಂಡುಬಂದಿತು. ವ್ಯತ್ಯಾಸವಿರುವುದು ರೋಗದ ಮೊದಲಿನಲ್ಲಿ ಅಷ್ಟಾಗಿ ಅಲ್ಲ, ಕೊನೆಯಲ್ಲಿ. ಅಲ್ಲಿ ಹೆಚ್ಚಿನ ಮಕ್ಕಳ ಕಿವಿ ವಾಸಿಯಾಗುತ್ತದೆ. ಇಲ್ಲಿ ಅನೇಕರದು ಸೋರುತ್ತ ಉಳಿಯುತ್ತದೆ. ಪೆನಿಸಿಲಿನ್ ಮುಂತಾದ ಔಷಧಗಳು 1940ರ ದಶಕದಲ್ಲಿ ಬಳಕೆಗೆ ಬರುವ ಮೊದಲು, ಕಿವಿಯ ಹಿಂದಣ ಎಲುಬು ಕೊಳೆತು ಮಕ್ಕಳು ಶಸ್ತ್ರಕ್ರಿಯೆಗೆ ಒಳಗಾಗುವುದು ಯೂರೋಪು ಅಮೆರಿಕಗಳಲ್ಲಿಯೂ ಸಾಮಾನ್ಯವಾಗಿತ್ತು. ಅವರು ಅದನ್ನು ದಾಟಿ ಬಂದರೆಂದರೆ ನಾವೂ ದಾಟಬಹುದೆಂದೇ ಅರ್ಥ.

“ಪ್ರಾಣಾಪಾಯವುಳ್ಳ ಎಷ್ಟೋ ರೋಗಗಳಿರುವಾಗ ಸ್ವಲ್ಪ ಕಿವಿ ಮಂದವಾದುದನ್ನು ಇಷ್ಟು ದೊಡ್ಡದು ಮಾಡಬೇಕೆ?” ಎಂದು ಕೆಲವರು ಕೇಳಬಹುದು. ಆ ‘ಸ್ವಲ್ಪ’ ಎಂಬುದನ್ನು ಅಳೆದು ನೋಡೋಣ. ನಡುಗಿವಿಯ ದೋಷದಿಂದ 30 ಡೆಸಿಬಲ್‌ಗಳಷ್ಟು ನಷ್ಟವಾಗುವುದು ಅಪರೂಪವೇನಲ್ಲ. ದೀರ್ಘಕಾಲ ಸೋರುವ ಕಿವಿಯಲ್ಲಿ ಅದು ಇದಕ್ಕೂ ಹೆಚ್ಚಾಗಬಹುದು. 30 ಡೆಸಿಬಲ್ ಎಂದರೆ ಶಕ್ತಿಯು ಸಾವಿರದ ಒಂದು ಪಾಲಿಗೆ ಇಳಿದಂತೆ. ಬಯಲಿನಲ್ಲಿ ಧ್ವನಿಯ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುವುದರಿಂದ, ಒಂದು ಮೀಟರು ದೂರದಲ್ಲಿ ನಿಂತು ಆಡಿದ ಮಾತು ಇಂತಹ ಮಗುವಿಗೆ ಮೂವತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಿಂದ ಆಡಿದಂತೆ ಕೇಳಿಸುತ್ತದೆ. ಎದುರಿಗೆ ಕುಳಿತ ತಾಯಿಯು ಬೀದಿಯ ಆ ಕೊನೆಯಲ್ಲಿ ನಿಂತು ಮಾತನಾಡಿದಂತೆ!

ಇಂತಹ ಮಗುವನ್ನು ಐವತ್ತು ಮಕ್ಕಳ ಗದ್ದಲದ ತರಗತಿಯಲ್ಲಿ, ಹೆಂಚಿನ ಮೇಲೆ ಮಳೆ ಸುರಿಯುವ ಶ್ರಾವಣದಲ್ಲಿ, ಹಿಂದಿನ ಸಾಲಿನಲ್ಲಿ ಕೂರಿಸಿದರೆ ಗತಿಯೇನು? ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಕಡಮೆ. ಆದರೆ ಅರ್ಥವನ್ನು ಬೇರ್ಪಡಿಸುವ ಭಾರವು ಹೆಚ್ಚಾಗಿ ವ್ಯಂಜನಗಳ ಮೇಲಿದೆ. ‘ತಲೆ’ ಎಂದರೂ ‘ಕಲೆ’ ಎಂದರೂ ‘ಬಲೆ’ ಎಂದರೂ ಆ ಮಗುವಿಗೆ ಕೇಳಿಸುವುದು ಹೆಚ್ಚು ಕಡಿಮೆ ಒಂದೇ. ಉಕ್ತಲೇಖನದಲ್ಲಿ ಅದು ಒಂದಕ್ಕೊಂದು ಬರೆಯುತ್ತದೆ, ಮೇಷ್ಟರು ಬೈಯುತ್ತಾರೆ, ಜೊತೆಯವರು ನಗುತ್ತಾರೆ. ಪೂರ್ತಿ ಕಿವುಡಾದ ಮಗುವನ್ನು ಊರೆಲ್ಲ ಗುರುತಿಸಿ ಮರುಗುತ್ತದೆ. ಅರೆಗಿವುಡು ಮಗುವನ್ನು ಗುರುತಿಸುವವರಿಲ್ಲ; ಕಿವಿ ಸೋರುವುದು ನಿಂತಾಗ ಸ್ವಲ್ಪ ಕೇಳುತ್ತದೆ, ನೆಗಡಿ ಬಂದಾಗ ಕೇಳದು. ಒಂದು ದಿನ ಉತ್ತರ ಹೇಳಿ ಮತ್ತೊಂದು ದಿನ ಸುಮ್ಮನಿರುವ ಮಗುವನ್ನು ಹಟಮಾರಿಯೆಂದೋ ಸೋಮಾರಿಯೆಂದೋ ಹೇಳಿಬಿಡುವುದು ಬಹು ಸುಲಭ. ಶಾಲೆ ಬಿಟ್ಟ ಮಕ್ಕಳನ್ನು ಎಣಿಸುವಾಗ ಬಡತನವೆಂದೂ ಅನಾಸಕ್ತಿಯೆಂದೂ ಕಾರಣಗಳನ್ನು ಬರೆದುಕೊಳ್ಳುತ್ತೇವೆ. ಅವರಲ್ಲಿ ಎಷ್ಟು ಮಂದಿ ಪಾಠ ಕೇಳಿಸದೆಯೇ ಬಿಟ್ಟವರೆಂದು ಕೇಳಿದ್ದೇವೆಯೆ?

ಇನ್ನೊಂದು ಆಕ್ಷೇಪಣೆಯುಂಟು: ಬಹಳಷ್ಟು ಮಕ್ಕಳಿಗೆ ಇದು ತಾನಾಗಿಯೇ ವಾಸಿಯಾಗುತ್ತದಲ್ಲ ಎಂದು. ಈ ಮಾತಿನಲ್ಲಿ ಸತ್ಯವುಂಟು. ತೀವ್ರವಾದ ಸೋಂಕು ಹೆಚ್ಚಿನ ಮಕ್ಕಳಲ್ಲಿ ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ಆಮೇಲೆ ಉಳಿದ ನೀರು ಸಹ ಬಹುಮಟ್ಟಿಗೆ ಮೂರು ತಿಂಗಳೊಳಗೆ ಇಂಗುತ್ತದೆ. ಪ್ರತಿಯೊಂದು ಕಿವಿನೋವಿಗೂ ಜೀವಿರೋಧಕ ಔಷಧವನ್ನು ನುಂಗಿಸುವುದು ಸರಿಯಲ್ಲ. ಹಾಗೆ ಮಾಡಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆಂಬುದನ್ನು ಇಂದು ಎಲ್ಲರೂ ಬಲ್ಲರು. ಆದರೆ ತಾನಾಗಿ ವಾಸಿಯಾಗುವ ಮಕ್ಕಳನ್ನು ಕಂಡು, ವಾಸಿಯಾಗದ ಮಕ್ಕಳನ್ನೂ ಅದೇ ಸಮಾಧಾನದಿಂದ ಕಾಣುವುದೇ ಅಪಾಯ. ಎರಡನ್ನೂ ಬೇರ್ಪಡಿಸಲು ದೊಡ್ಡ ಉಪಕರಣಗಳು ಬೇಕಿಲ್ಲ, ಒಂದು ಪಂಚಾಂಗ ಸಾಕು. ಕಿವಿಯಿಂದ ಕೀವು ಬರಲು ಆರಂಭವಾಗಿ ಹದಿನಾಲ್ಕು ದಿನಗಳಾದುವೆ? ಆಗಿದ್ದರೆ ಅದು ‘ಇದ್ದದ್ದೇ’ ಎನ್ನುವ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಗ್ರಾಮಾಂತರ ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಟ್ಟಿರುವ ಗಡಿಯೂ ಇದೇ.

ಹಾಗೆ ಗುರುತಿಸಿದ ಮೇಲೆ ಮಾಡಬೇಕಾದ ಚಿಕಿತ್ಸೆಯ ಮೊದಲ ಭಾಗವು ಸರಳವಾಗಿದೆ. ಶುಭ್ರವಾದ, ನೀರು ಹೀರುವ ಮೆತ್ತನೆಯ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದೊಡನೆ ತೆಗೆದು, ಹೊಸ ಬತ್ತಿಯನ್ನಿಟ್ಟು, ಕಿವಿ ಒಣಗುವವರೆಗೆ ಹೀಗೆ ದಿನಕ್ಕೆ ಮೂರು ಸಲ ಮಾಡಬೇಕು. ಬಳಿಕ ವೈದ್ಯರು ಹೇಳಿದ ಜೀವಿರೋಧಕ ಹನಿಗಳನ್ನು ಹಾಕಬೇಕು. ದೀಪಕ್ಕೆ ಬತ್ತಿ ಹೊಸೆಯಬಲ್ಲ ಮನೆಯವರು ಇದನ್ನೂ ಮಾಡಬಲ್ಲರು. ಇಷ್ಟರಿಂದ ಗುಣವಾಗದಿದ್ದರೆ, ತಮಟೆಯ ತೂತನ್ನು ಮುಚ್ಚುವ ಶಸ್ತ್ರಕ್ರಿಯೆಯಿದೆ. 1950ರ ದಶಕದ ಆದಿಯಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಸೋಲ್ನರ್ ಎಂಬ ಇಬ್ಬರು ವೈದ್ಯರು ಇದಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದರು. ಇಂದು ಅದು ನಮ್ಮ ಆಸ್ಪತ್ರೆಗಳಲ್ಲಿಯೂ ನಿತ್ಯದ ಕೆಲಸವಾಗಿದೆ.

ಮಾಡಬಾರದುದನ್ನೂ ಹೇಳಬೇಕು. ಸೋರುವ ಕಿವಿಗೆ ಎಣ್ಣೆ, ಸೊಪ್ಪಿನ ರಸ, ಎದೆಹಾಲು ಮುಂತಾದುವನ್ನು ಬಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದನ್ನು ಮಾಡುವ ಅಜ್ಜಿಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ; ವೈದ್ಯರು ಹತ್ತು ಹರದಾರಿ ದೂರದಲ್ಲಿದ್ದ ಕಾಲದಲ್ಲಿ ಅವರು ತಮಗೆ ತಿಳಿದುದನ್ನು ಪ್ರೀತಿಯಿಂದಲೇ ಮಾಡಿದರು. ಆದರೆ ತಮಟೆಯಲ್ಲಿ ತೂತಿರುವಾಗ ಹೊರಗಿನಿಂದ ಬಿಟ್ಟುದೆಲ್ಲವೂ ರೋಗಾಣುಗಳ ಸಮೇತ ನೇರವಾಗಿ ನಡುಗಿವಿಗೆ ಇಳಿಯುತ್ತದೆ, ಒಣಗಬೇಕಾದುದು ಒದ್ದೆಯಾಗಿಯೇ ಉಳಿಯುತ್ತದೆ ಎಂಬುದು ಈಗ ತಿಳಿದಿದೆ. ಬೆಂಕಿಕಡ್ಡಿ, ಪಿನ್ನು, ಕೋಳಿಯ ಗರಿಗಳಿಂದ ಕಿವಿ ಕೆದಕುವುದೂ, ಮಗುವನ್ನು ಅಂಗಾತ ಮಲಗಿಸಿ ಸೀಸೆಯ ಹಾಲು ಕುಡಿಸುವುದೂ ಹಾನಿಕರ. ಮೊದಲ ಆರು ತಿಂಗಳು ತಾಯಿಯ ಹಾಲನ್ನೇ ಕುಡಿದ ಮಕ್ಕಳಿಗೆ ಈ ಸೋಂಕು ಕಡಮೆ. ಮನೆಯಲ್ಲಿ ಬೀಡಿ ಸಿಗರೇಟುಗಳನ್ನು ಸೇದುವವರಿದ್ದರೆ ಹೆಚ್ಚು.

ಸರಕಾರವು ಏನನ್ನೂ ಮಾಡಿಲ್ಲವೆಂದು ನಾವು ಹೇಳುತ್ತಿಲ್ಲ. ಕಿವುಡುತನದ ನಿವಾರಣೆಗಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 2007ರಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ ರೋಗಗಳ ಪಟ್ಟಿಯಲ್ಲಿ ನಡುಗಿವಿಯ ಸೋಂಕೂ ಸೇರಿದೆ. ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲವೂ ಸರಕಾರಿ ಶಾಲೆಗಳಿಗೆ ಒಂದು ಸಲವೂ ಹೋಗಬೇಕೆಂದು ವಿಧಿಸಿದೆ. ನಡುಗಿವಿಯ ಸೋಂಕಿನ ಮುಖ್ಯ ರೋಗಾಣುಗಳಲ್ಲಿ ಒಂದಾದ ನ್ಯೂಮೊಕಾಕಸ್ ವಿರುದ್ಧದ ಲಸಿಕೆಯು 2017ರಿಂದ ಹಂತಹಂತವಾಗಿ ಬಂದು 2021ರಲ್ಲಿ ದೇಶವ್ಯಾಪಿಯಾಯಿತು. ನಮ್ಮ ಮೈಸೂರಿನಲ್ಲಿಯೇ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕೊರತೆಯಿರುವುದು ಯೋಜನೆಯಲ್ಲಲ್ಲ, ಯೋಜನೆಗೂ ಮಗುವಿನ ಕಿವಿಗೂ ನಡುವಣ ಕೊನೆಯ ಕೆಲವು ಗಜಗಳಲ್ಲಿ. ವರ್ಷಕ್ಕೊಮ್ಮೆ ಬರುವ ತಂಡವು ಬಂದ ದಿನ ಕಿವಿ ಒಣಗಿರಬಹುದು, ಮಗುವು ಶಾಲೆಗೆ ಬಾರದಿರಬಹುದು. ದಿನವೂ ಮಗುವನ್ನು ನೋಡುವವರು ತಾಯಿ ಮತ್ತು ಮೇಷ್ಟರು ಇಬ್ಬರೇ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಮೂರು ಕಾರ್ಯಗಳು ತಡವಿಲ್ಲದೆ ಆಗಬೇಕು. ಮೊದಲನೆಯದು, ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗ ಹುಟ್ಟಿದ ದಿನಾಂಕವನ್ನು ಕೇಳುವಂತೆಯೇ “ಕಿವಿ ಸೋರಿದ್ದುಂಟೆ? ಎಷ್ಟು ದಿನ?” ಎಂಬ ಪ್ರಶ್ನೆಯನ್ನೂ ಕೇಳಿ ದಾಖಲು ಮಾಡಬೇಕು. ಎರಡನೆಯದು, ಉಪಾಧ್ಯಾಯರ ತರಬೇತಿಯಲ್ಲಿ ಅರೆಗಿವುಡಿನ ಲಕ್ಷಣಗಳನ್ನು ಕಲಿಸಬೇಕು: ಕತ್ತು ತಿರುಗಿಸಿ ಕೇಳುವ, ಮಾತನ್ನು ಮತ್ತೆ ಮತ್ತೆ ಹೇಳಿಸುವ, ಬೆನ್ನು ಹಿಂದಿನಿಂದ ಕರೆದರೆ ಓಗೊಡದ ಮಗುವನ್ನು ಮೊದಲು ಮುಂದಿನ ಸಾಲಿಗೆ ತರಬೇಕು, ಅನಂತರ ಆಸ್ಪತ್ರೆಗೆ ಕಳುಹಿಸಬೇಕು. ಮುಂದಿನ ಸಾಲಿಗೆ ತರುವುದಕ್ಕೆ ಕಾಸು ಖರ್ಚಿಲ್ಲ. ಮೂರನೆಯದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಕಿವಿಯೊಳಗನ್ನು ನೋಡುವ ದೀಪವೂ, ಅದನ್ನು ಬಳಸಲು ಬಲ್ಲ ಒಬ್ಬರೂ, ಕಿವಿಯ ಹನಿಗಳೂ ವರ್ಷವಿಡೀ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಮಕ್ಕಳಲ್ಲಿ ಕಂಡುಬರುವ ಶ್ರವಣದೋಷದಲ್ಲಿ ನೂರಕ್ಕೆ ಅರುವತ್ತರಷ್ಟು ತಡೆಯಬಹುದಾದ ಕಾರಣಗಳಿಂದ ಬಂದುದು. ತಡೆಯಬಹುದಾದುದನ್ನು ತಡೆಯದೆ ಬಿಟ್ಟು ವಿಧಿಯನ್ನು ದೂರುವುದು ವಿಜ್ಞಾನಯುಗದವರಿಗೆ ಒಪ್ಪುವ ಮಾತಲ್ಲ.

ನಮ್ಮ ವಿದ್ಯಾರ್ಥಿಯನ್ನು ಕಿವಿಯ ವೈದ್ಯರಲ್ಲಿಗೆ ಕಳುಹಿಸಿದೆವು. ತಮಟೆಯಲ್ಲಿ ದೊಡ್ಡ ತೂತಿದೆಯೆಂದೂ, ಕಿವಿಯನ್ನು ಕೆಲವು ಕಾಲ ಒಣಗಿಸಿ ಶಸ್ತ್ರಕ್ರಿಯೆ ಮಾಡಿದರೆ ಶ್ರವಣವು ಬಹುಮಟ್ಟಿಗೆ ಮರಳಬಹುದೆಂದೂ ಅವರು ತಿಳಿಸಿದರು. ಹುಡುಗನು ಸಂತೋಷದಿಂದ ಬಂದು ಈ ಸುದ್ದಿಯನ್ನು ಹೇಳಿದನು. ನಾವೂ ಸಂತೋಷಪಟ್ಟೆವು. ಆದರೆ ಹಿಂದಿನ ಸಾಲಿನಲ್ಲಿ ದಡ್ಡನೆನಿಸಿಕೊಂಡು ಆತನು ಕಳೆದ ಹತ್ತು ವರ್ಷಗಳ ಪಾಠವನ್ನು ಯಾವ ವೈದ್ಯನು ಹಿಂದಿರುಗಿಸಬಲ್ಲನು? ವಾಚಕರ ಮನೆಯಲ್ಲಿ, ಬೀದಿಯಲ್ಲಿ, ತರಗತಿಯಲ್ಲಿ ಇಂದು ಕಿವಿಗೆ ಹತ್ತಿಯನ್ನು ತುರುಕಿಕೊಂಡ ಒಂದು ಮಗುವು ಕಣ್ಣಿಗೆ ಬಿದ್ದರೆ, ಎಷ್ಟು ದಿನದಿಂದ ಸೋರುತ್ತಿದೆಯೆಂದು ದಯವಿಟ್ಟು ಕೇಳಬೇಕು. ಹದಿನಾಲ್ಕು ದಿನ ದಾಟಿದ್ದರೆ ಹದಿನೈದನೆಯ ದಿನವೇ ಆ ಮಗುವು ವೈದ್ಯರ ಮುಂದೆ ಇರಬೇಕು.